ಸದ್ದಿಲ್ಲದೆ ಬರುವ ಖಳನಾಯಕ!

ಚಿತ್ರರಸಿಕ ಗೆಳೆಯರೇ, 2018ರಲ್ಲಿ ತೆರೆಕಂಡ ‘ಸಂಜು’ ನೋಡಿದ್ದೀರಾ? ಅದರಲ್ಲಿ ನರ್ಗಿಸ್ ಪಾತ್ರ ಮಾಡಿದಾಕೆ ಮನಿಷಾ ಕೊಯಿರಾಲಾ. ನಿಜವಾದ ನರ್ಗಿಸ್ 1981ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಬಲಿಯಾದರು. ಆ ಪಾತ್ರಕ್ಕೆ ಬಣ್ಣ ಹಚ್ಚಿದ ಮನಿಷಾ ಸ್ವತಃ ಕ್ಯಾನ್ಸರ್ ಗೆದ್ದು ಬಂದವರು! 2012ರಲ್ಲಿ ಅಂಡಾಶಯದ ಕ್ಯಾನ್ಸರ್ ಗೊತ್ತಾದಾಗ ಅದು ಆಗಲೇ ಬಲಿತಿತ್ತು. ನ್ಯೂಯಾರ್ಕಿನಲ್ಲಿ ಆಪರೇಷನ್, ಆಮೇಲೆ ಕೀಮೋ. ಐದು ವರ್ಷದೊಳಗೆ ಮತ್ತೆ ಕ್ಯಾಮೆರಾ ಮುಂದೆ!

ಚಿತ್ರ ನೋಡುತ್ತ ನನಗೆ ನೆನಪಾದದ್ದು ಕೆಂಪಾಪುರದ ನಮ್ಮ ದೊಡ್ಡವ್ವ. ಅದೇ, ಕೆಂಪೇಗೌಡರ ಸಮಾಧಿ ಇರುವ ಮಾಗಡಿ ಸೀಮೆಯ ಕೆಂಪಾಪುರ. ಆಕೆಗೆ ದಿನಾ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಸಾಕು ಅನ್ನೋದು. ‘ಏನಿಲ್ಲ ಕಣ್ ಮಗ, ಗ್ಯಾಸು’ ಅಂತ ಜೀರಿಗೆ ಕಷಾಯ ಕುಡಿದು ಐದಾರು ತಿಂಗಳು ತಳ್ಳಿದಳು. ಹೆಂಗಸರ ಕಾಯಿಲೆ, ನಮಗ್ಯಾಕೆ ಅಂತ ನಾನೂ ಸುಮ್ಮನಿದ್ದೆ. ಸ್ಕ್ಯಾನ್ ಮಾಡಿಸಿದಾಗ ಹೊಟ್ಟೆಯೊಳಗೆಲ್ಲ ಹರಡಿತ್ತು. ಎರಡು ವರ್ಷ ಹೋರಾಡಿದಳು.... ಉಳಿಯಲಿಲ್ಲ.

ಅಂಡಾಶಯ ಇರೋದು ಕಿಬ್ಬೊಟ್ಟೆಯ ಆಳದಲ್ಲಿ. ಅಲ್ಲಿ ಗೆಡ್ಡೆ ಬೆಳೆದರೂ ಮೊದಮೊದಲು ನೋವಿಲ್ಲ, ಸದ್ದಿಲ್ಲ. ಅಮೆರಿಕದ ಲೆಕ್ಕದ ಪ್ರಕಾರ ಶುರುವಿನಲ್ಲೇ ಸಿಕ್ಕರೆ ನೂರರಲ್ಲಿ ಸುಮಾರು 90 ಹೆಂಗಸರು ಐದು ವರ್ಷ ದಾಟುತ್ತಾರೆ. ದೂರಕ್ಕೆ ಹರಡಿದ ಮೇಲೆ ಸುಮಾರು 30. ಆದರೆ ಆ ಮೂವತ್ತರಲ್ಲಿ ಯಾರು ಅಂತ ಯಾವ ಲೆಕ್ಕವೂ ಹೇಳದು. ಮನಿಷಾ ಉಳಿದರು, ದೊಡ್ಡವ್ವ ಹೋದಳು!

ಇನ್ನೂ ಅಪರೂಪದ, ಇನ್ನೂ ಕ್ರೂರವಾದವೂ ಇವೆ. ಅಂಡಾಶಯದ ‘ಸ್ಮಾಲ್ ಸೆಲ್’ ಕ್ಯಾನ್ಸರಿನ ಒಂದು ಬಗೆ ಹೆಚ್ಚಾಗಿ ಇಪ್ಪತ್ತರ ಆಸುಪಾಸಿನ ಹುಡುಗಿಯರಿಗೇ ಬರುತ್ತದೆ. ಗರ್ಭಕೋಶದ ‘ಸಾರ್ಕೋಮಾ’ ಮಾಮೂಲಿ ಫೈಬ್ರಾಯ್ಡ್ ಗೆಡ್ಡೆಯ ವೇಷ ಹಾಕಿ ಕೂತಿರುತ್ತದೆ. ಫೈಬ್ರಾಯ್ಡ್ ಬಹುಪಾಲು ನಿರಪಾಯಕಾರಿ, ಹೆದರಬೇಡಿ. ಆದರೆ ಮುಟ್ಟು ನಿಂತ ಮೇಲೆ ರಕ್ತ ಹೋದರೆ, ಗೆಡ್ಡೆ ದಿಢೀರನೆ ದೊಡ್ಡದಾದರೆ, ತಡಮಾಡದೆ ಡಾಕ್ಟರಿಗೆ ತೋರಿಸಬೇಕು.

ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಆಸ್ಪತ್ರೆ ಇದೆ. ಮಾಗಡಿಯಿಂದ ಅಲ್ಲಿಗೆ ಅರ್ಧ ದಿನದ ಹಾದಿಯೂ ಅಲ್ಲ. ನಾವು ಹೊಸ ಚಿತ್ರದ ಮೊದಲ ಷೋಗೆ ಅದೇ ಬೆಂಗಳೂರಿಗೆ ಓಡಿದವರಲ್ಲವೇ?

ಗೆಳೆಯರೇ, ಈ ಶುಕ್ರವಾರ ಟಿಕೆಟ್ಟಿಗೆ ಓಡುವ ಮುಂಚೆ ಮನೆಯಲ್ಲಿ ಅವ್ವನನ್ನು, ಅಕ್ಕನನ್ನು ಒಂದು ಮಾತು ಕೇಳಿ: ‘ಹೊಟ್ಟೆ ಉಬ್ಬರ ಎರಡು ಮೂರು ವಾರದಿಂದ ಇದೆಯಾ?’ ಹೌದು ಅಂದರೆ ನೀವೇ ಜೊತೆಗೆ ಹೋಗಿ. ನಾಚಿಕೆ ಬೇಡ. ನಾನು ನಾಚಿದ್ದಕ್ಕೆ ಇವತ್ತಿಗೂ ಕೆಂಪಾಪುರದ ಸ್ಟಾಪಿನಲ್ಲಿ ಬಸ್ ಇಳಿಯಲು ಕಾಲು ಬರುವುದಿಲ್ಲ.