ಕಿರ್ದಿ, ಖತಾವಣಿ ಮತ್ತು ನಿಂತುಹೋದ ಗಣಕಯಂತ್ರ

ಸ್ಮರಣ ಸಂಪುಟದ ಸಂಪಾದಕ ಮಂಡಲಿಯವರು ಈ ಸಲ ನನ್ನಿಂದ ನಿರೀಕ್ಷಿಸಿದ್ದುದು ಮುಧೋಳದ ಮಣ್ಣಿನ ಮಗನಾದ ರನ್ನ ಮಹಾಕವಿಯನ್ನು ಕುರಿತ ಲೇಖನವನ್ನು. ಹಳಗನ್ನಡದ ಪಾಠ ಹೇಳಿಯೇ ತಲೆ ನರೆತ ಪಂಡಿತನಿಂದ ಬೇರೇನನ್ನು ತಾನೆ ಕೇಳಿಯಾರು? ಆದರೆ ಕೆಲವು ವರ್ಷಗಳಿಂದ ನಮ್ಮ ಶಾಲೆಯ ದಾಖಲಾತಿ ಪುಸ್ತಕಗಳನ್ನು ಗಣಕಯಂತ್ರಕ್ಕೆ ಇಳಿಸುವ ಕಾರ್ಯದ ಮೇಲ್ವಿಚಾರಣೆ ನನ್ನ ಹೆಗಲಿಗೆ ಬಿದ್ದಿದೆ. ಹಳೆಯ ಕೈಬರಹವನ್ನು ಓದಬಲ್ಲವರು ಬೇಕೆಂಬುದೇ ಅದಕ್ಕೆ ಕಾರಣ. ಆ ಕೆಲಸದಲ್ಲಿ ಪಟ್ಟ ಪಾಡನ್ನು ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಮತ್ತು ಉದಾರ ದಾನಿಗಳ ಮುಂದಿಡುವುದು ಹೆಚ್ಚು ಉಪಯುಕ್ತವೆಂದು ನನಗೆ ತೋರಿತು. ರನ್ನನನ್ನು ಪೂರ್ತಿ ಕೈಬಿಟ್ಟಿಲ್ಲ. ಅವನು ನಡುವೆ ತಾನಾಗಿಯೇ ಬರುತ್ತಾನೆ.

ಪಹಣಿ ತರಲು ಹೋದರೂ, ಪಡಿತರ ತರಲು ಹೋದರೂ ನಮ್ಮ ಭಾಗದ ರೈತನಿಗೆ ಒಮ್ಮೆಯಾದರೂ ಕಿವಿಗೆ ಬಿದ್ದಿರುವ ಮಾತು ‘ಸರ್ವರ್ ಡೌನ್’. ಅದನ್ನು ಹೇಳಿದವನಿಗೂ ಕೇಳಿದವನಿಗೂ ಅದರ ಅರ್ಥ ಗೊತ್ತಿರುವುದು ಅಪರೂಪ. ಮಳೆ ಬಾರದಿದ್ದುದಕ್ಕೆ ದೈವವನ್ನು ಹೊಣೆ ಮಾಡುವಂತೆ ಇದನ್ನೂ ಒಂದು ದೈವಘಟನೆಯೆಂದು ಒಪ್ಪಿಕೊಂಡು ಮನೆಗೆ ಮರಳುತ್ತೇವೆ. ಇದು ದೈವಘಟನೆಯಲ್ಲ, ಕಾರಣವಿಲ್ಲದೆ ಯಂತ್ರ ನಿಲ್ಲುವುದಿಲ್ಲ, ನಿಂತಾಗ ಕಾರಣವನ್ನು ಬರೆದಿಡದೆಯೂ ನಿಲ್ಲುವುದಿಲ್ಲ.

ಡೇಟಾಬೇಸ್ ಎಂದರೆ ಒಪ್ಪವಾಗಿ ಜೋಡಿಸಿಟ್ಟ ಮಾಹಿತಿಯ ಭಂಡಾರ. ಆ ಭಂಡಾರದ ಬಾಗಿಲಲ್ಲಿ ಕುಳಿತು, ಕೇಳಿದವರಿಗೆ ಕೇಳಿದ್ದನ್ನು ತೆಗೆದುಕೊಡುವ, ಕೊಟ್ಟದ್ದನ್ನು ಒಳಗಿರಿಸುವ ಭಂಡಾರಿಯೇ ಸರ್ವರ್. ನಮ್ಮಲ್ಲಿರುವುದು ‘ಪೋಸ್ಟ್‌ಗ್ರೆಸ್’ ಎಂಬ ಭಂಡಾರಿ. ಹಣ ಕೊಡದೆ ಯಾರು ಬೇಕಾದರೂ ಬಳಸಬಹುದಾದ ತಂತ್ರಾಂಶ ಅದು.

ಇವನ ಕಾರ್ಯವಿಧಾನ ನಮ್ಮ ಅಡತಿ ಅಂಗಡಿಗಳ ಲೆಕ್ಕಕ್ಕೆ ಬಹು ಹತ್ತಿರದ್ದು. ಬೆಲ್ಲದ ವ್ಯಾಪಾರಿಯು ಬಂದ ಮಾಲನ್ನು ಮೊದಲು ಕಿರ್ದಿಯಲ್ಲಿ ಬರೆಯುತ್ತಾನೆ. ಸಂಜೆ ಬಿಡುವಾದಾಗ ಅದನ್ನು ಖತಾವಣಿಯಲ್ಲಿ ಆಯಾ ಆಸಾಮಿಯ ಹೆಸರಿಗೆ ಏರಿಸುತ್ತಾನೆ. ನಡುವೆ ದೀಪ ಆರಿತೆನ್ನಿ, ಚಿಂತೆಯಿಲ್ಲ. ಮರುದಿನ ಕಿರ್ದಿಯನ್ನು ತೆರೆದು, ಏರಿಸದೆ ಉಳಿದುದನ್ನು ಏರಿಸಿದರೆ ಲೆಕ್ಕ ಸರಿಹೋಯಿತು. ಪೋಸ್ಟ್‌ಗ್ರೆಸ್ ಸಹ ಪ್ರತಿಯೊಂದು ಬದಲಾವಣೆಯನ್ನೂ ಮೊದಲು ತನ್ನ ಕಿರ್ದಿಯಲ್ಲಿ ಬರೆದು, ಅದು ಡಿಸ್ಕಿನ ಮೇಲೆ ಭದ್ರವಾಯಿತೆಂದು ಖಚಿತಪಡಿಸಿಕೊಂಡ ಮೇಲೆಯೇ ‘ಆಯಿತು’ ಎನ್ನುತ್ತದೆ. ಈ ಕಿರ್ದಿಗೆ ಆ ಶಾಸ್ತ್ರದಲ್ಲಿ ‘ವಾಲ್’ ಎಂದು ಹೆಸರು. ವಿದ್ಯುತ್ತು ಹಠಾತ್ತನೆ ಹೋಗಿ ಬಂದರೆ, ಏಳುವಾಗ ಭಂಡಾರಿಯು ಕಿರ್ದಿಯನ್ನು ಓದಿ ಖತಾವಣಿಯನ್ನು ಸರಿಮಾಡಿಕೊಳ್ಳುತ್ತಾನೆ. ಅದಕ್ಕೆ ಕೆಲವು ನಿಮಿಷ ಹಿಡಿದರೆ ಗಾಬರಿಯಾಗಿ ಮತ್ತೆ ಗುಂಡಿ ಒತ್ತಬಾರದು. ಓದುವವನ ಕೈಯಿಂದ ಪುಸ್ತಕ ಕಿತ್ತುಕೊಂಡು ‘ಮೊದಲಿನಿಂದ ಓದು’ ಎಂದಂತೆ ಆಗುತ್ತದೆ.

2023ರ ಜೂನ್ ತಿಂಗಳಿನ ಒಂದು ಬೆಳಿಗ್ಗೆ ನಮ್ಮ ಭಂಡಾರಿ ಏಳಲಿಲ್ಲ. ಪ್ರವೇಶದ ದಿನಗಳು; ಕಚೇರಿಯ ಮುಂದೆ ಮಕ್ಕಳ ಕೈಹಿಡಿದ ತಂದೆತಾಯಿಗಳ ಸಾಲು. ಜಮಖಂಡಿ ಕಡೆಯಿಂದ ಮೊದಲ ಬಸ್ಸಿಗೆ ಬಂದ ವೃದ್ಧರೊಬ್ಬರು ನಿವೃತ್ತಿವೇತನದ ಸಲುವಾಗಿ ತಮ್ಮ ಜನ್ಮದಿನಾಂಕದ ದೃಢೀಕರಣ ಪತ್ರಕ್ಕೆ ಕಾದು ಕುಳಿತಿದ್ದರು. ಗುಮಾಸ್ತರು ಯಂತ್ರವನ್ನು ನಾಲ್ಕು ಬಾರಿ ಆರಿಸಿ ಹೊತ್ತಿಸಿದ್ದರು. ಐದನೆಯ ಸಲಕ್ಕೆ ಕೈ ಹಾಕುವಷ್ಟರಲ್ಲಿ, ಬೆಂಗಳೂರಿನಲ್ಲಿ ಇದೇ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರಿಗೆ ದೂರವಾಣಿ ಮಾಡಿದೆವು. ಅವರ ಮೊದಲ ಮಾತು: “ಗುರುಗಳೇ, ಏನನ್ನೂ ಮುಟ್ಟಬೇಡಿ. ಅದು ಬರೆದಿಟ್ಟಿರುವುದನ್ನು ಓದಿ ಹೇಳಿ.”

ಭಂಡಾರಿಗೆ ಕಿರ್ದಿಯಲ್ಲದೆ ಒಂದು ದಿನಚರಿಯೂ ಇದೆ. ಅದನ್ನು ‘ಲಾಗ್’ ಎನ್ನುತ್ತಾರೆ. ಅದರ ಕೊನೆಯ ಇಪ್ಪತ್ತು ಸಾಲುಗಳಲ್ಲಿ ರೋಗದ ಹೆಸರು ಬಹುಮಟ್ಟಿಗೆ ಇದ್ದೇ ಇರುತ್ತದೆ. ವೈದ್ಯನು ನಾಡಿ ನೋಡದೆ ಔಷಧ ಕೊಡುವುದಿಲ್ಲವಷ್ಟೆ? ಅಲ್ಲಿ ಕಾಣಿಸಬಹುದಾದ ಕೆಲವನ್ನು ಆ ಶಿಷ್ಯರು ಬಳಿಕ ನನಗೆ ವಿವರಿಸಿದರು. ಒಂದು, ಭಂಡಾರಿಯ ಬಾಗಿಲಿನ ಸಂಖ್ಯೆಯನ್ನು (ಸಾಮಾನ್ಯವಾಗಿ ಅದು 5432) ಆಗಲೇ ಇನ್ನೊಂದು ಕಾರ್ಯಕ್ರಮ ಆಕ್ರಮಿಸಿರುವುದು. ಎಷ್ಟೋ ಸಲ ಆ ಇನ್ನೊಬ್ಬನು ಪೂರ್ತಿ ಸಾಯದೆ ಉಳಿದಿರುವ ಹಳೆಯ ಭಂಡಾರಿಯೇ ಆಗಿರುತ್ತಾನೆ. ಇನ್ನೊಂದು, ಭಂಡಾರದ ಕೋಣೆಯ ಅನುಮತಿಗಳನ್ನು ಯಾರೋ ಸಡಿಲಿಸಿರುವುದು. ಎಲ್ಲರಿಗೂ ತೆರೆದ ಕೋಣೆಯಲ್ಲಿ ಪೋಸ್ಟ್‌ಗ್ರೆಸ್ ಕೆಲಸ ಮಾಡಲೊಪ್ಪದು, ಅದರ ಈ ಹಠ ನನಗೆ ಮೆಚ್ಚುಗೆಯಾಯಿತು. ಮಾಹಿತಿಯಿರುವ ಡಿಸ್ಕು ವಿದ್ಯುತ್ತು ಹೋಗಿ ಬಂದ ಮೇಲೆ ಯಂತ್ರಕ್ಕೆ ಜೋಡಣೆಯಾಗದೆ ಉಳಿಯುವುದು ಎಲ್ಲಕ್ಕಿಂತ ಅಪಾಯದ್ದು. ಆಗ ಕೋಣೆ ಬರಿದಾಗಿ ಕಾಣುತ್ತದೆ, ಅವಸರದವರು ಅದೇ ಜಾಗದಲ್ಲಿ ಹೊಸ ಭಂಡಾರವನ್ನು ಸ್ಥಾಪಿಸಲು ಹೊರಡುತ್ತಾರೆ. ಮನೆಯ ದಾರಿ ತಪ್ಪಿದವನು ಬಯಲಿನಲ್ಲೇ ಮನೆ ಕಟ್ಟಲು ಪಾಯ ಅಗೆದಂತೆ!

ನಮ್ಮ ದಿನಚರಿಯಲ್ಲಿದ್ದುದು ಇವಾವುವೂ ಅಲ್ಲ. ಡಿಸ್ಕಿನಲ್ಲಿ ಸ್ಥಳವಿಲ್ಲವೆಂದು ಬರೆದಿತ್ತು. ಸ್ಥಳವಿಲ್ಲದ ಮೇಲೆ ಕಿರ್ದಿಯಲ್ಲಿ ಬರೆಯಲಾಗದು; ಕಿರ್ದಿಯಲ್ಲಿ ಬರೆಯಲಾಗದ ಮೇಲೆ ಭಂಡಾರಿಯು ಸುಳ್ಳು ಹೇಳುವ ಬದಲು ಅಂಗಡಿಯನ್ನೇ ಮುಚ್ಚುತ್ತಾನೆ. ಹುಡುಕಿದಾಗ ಜಾಗವನ್ನೆಲ್ಲ ನುಂಗಿದ್ದು ಕಿರ್ದಿಯೇ ಎಂದು ಗೊತ್ತಾಯಿತು. ತಲಾ 16 ಮೆಗಾಬೈಟಿನ ಕಡತಗಳು ಸಾವಿರಾರು ಬಿದ್ದಿದ್ದವು. ಗುಮಾಸ್ತರ ಮುಖ ಅರಳಿತು: “ಇವನ್ನು ಅಳಿಸಿದರಾಯಿತಲ್ಲ?” ಹಾಗೆ ಮಾಡಿದ್ದರೆ ಖತಾವಣಿಗೆ ಏರದಿದ್ದ ಬರಹವೆಲ್ಲ ಮಣ್ಣುಪಾಲಾಗಿ, ಭಂಡಾರಿಯು ಮತ್ತೆಂದೂ ಸರಿಯಾಗಿ ಏಳದ ಸ್ಥಿತಿ ಬರುತ್ತಿತ್ತು. ಗುಮಾಸ್ತರನ್ನು ನಾನು ಹಳಿಯಲಾರೆ. ಹಿಂದೆ ಈ ಕೋಣೆಯ ಹೆಸರಿನಲ್ಲಿ ‘ಲಾಗ್’ ಎಂಬ ಶಬ್ದವಿತ್ತಂತೆ. ನಿರುಪಯುಕ್ತ ದಿನಚರಿಯೆಂದು ಭ್ರಮಿಸಿ ಲೋಕದಲ್ಲಿ ಹಲವರು ಅದನ್ನು ಅಳಿಸಿ ಕೆಟ್ಟದ್ದರಿಂದ, 2017ರಲ್ಲಿ ಬಂದ 10ನೆಯ ಆವೃತ್ತಿಯಲ್ಲಿ ಆ ಹೆಸರನ್ನೇ ಬದಲಿಸಿದರು. ಶಬ್ದವೊಂದರ ಅಪಾರ್ಥದಿಂದ ಇಷ್ಟು ಅನರ್ಥವಾಗಬಲ್ಲುದೆಂಬುದು ವ್ಯಾಕರಣ ಬೋಧಿಸುವವನಿಗೆ ಒಂದು ಬಗೆಯ ಸಮಾಧಾನ.

ಕಿರ್ದಿ ಏಕೆ ಬೆಳೆಯಿತು? ಇಲ್ಲಿ ಪ್ರತಿಯ ವಿಷಯ ಬರುತ್ತದೆ. 2022ರಲ್ಲಿ ನಾವು ಮಠದ ಕಚೇರಿಯಲ್ಲಿ ಎರಡನೆಯ ಯಂತ್ರವೊಂದನ್ನಿರಿಸಿ, ಶಾಲೆಯ ಯಂತ್ರದಲ್ಲಿ ಬರೆದುದೆಲ್ಲ ಅಲ್ಲಿಯೂ ಮೂಡುವಂತೆ ಮಾಡಿದ್ದೆವು. ಇದಕ್ಕೆ ‘ರೆಪ್ಲಿಕೇಶನ್’ ಎನ್ನುತ್ತಾರೆ. ಮುಖ್ಯ ಯಂತ್ರವು ತನ್ನ ಕಿರ್ದಿಯನ್ನು ಗಟ್ಟಿಯಾಗಿ ಓದುತ್ತ ಹೋಗುತ್ತದೆ, ಎರಡನೆಯದು ಕೇಳಿ ತನ್ನ ಖತಾವಣಿಗೆ ಏರಿಸಿಕೊಳ್ಳುತ್ತದೆ. ಕೇಳುವವನು ಎಲ್ಲಿಯವರೆಗೆ ಕೇಳಿದನೆಂದು ಗುರುತಿಟ್ಟುಕೊಳ್ಳುವ ‘ಸ್ಲಾಟ್’ ಎಂಬ ವ್ಯವಸ್ಥೆಯೂ ಇದೆ. ಬೇಸಿಗೆ ರಜೆಯಲ್ಲಿ ಮಠದ ಕಚೇರಿಗೆ ಸುಣ್ಣ ಬಳಿಯುವಾಗ ಎರಡನೆಯ ಯಂತ್ರದ ತಂತಿಯನ್ನು ಕಿತ್ತಿದ್ದರು. ಮತ್ತೆ ಹಾಕುವುದು ಯಾರಿಗೂ ನೆನಪಾಗಲಿಲ್ಲ. ಅದೇ ರಜೆಯಲ್ಲಿ ನಾವು ಹಳೆಯ ದಾಖಲಾತಿ ಪುಸ್ತಕಗಳ ಪುಟಗಳ ಚಿತ್ರ ತೆಗೆದು ಭಂಡಾರಕ್ಕೆ ಸೇರಿಸುತ್ತಿದ್ದೆವು. ಶಿಷ್ಯನು ಬಂದು ಕೇಳಲಿದ್ದಾನೆಂದು ಗುರು ಒಂದು ಪುಟವನ್ನೂ ಹರಿದೊಗೆಯದೆ ಕಾಯ್ದಿಟ್ಟ. ಕೊನೆಗೆ ಪುಟಗಳೇ ಗುರುವಿನ ಉಸಿರುಗಟ್ಟಿಸಿದವು. ಹೀಗೆ ಕಾಯುವುದಕ್ಕೆ ಮಿತಿ ಹಾಕುವ ಸೌಕರ್ಯ 2020ರ 13ನೆಯ ಆವೃತ್ತಿಯಿಂದ ಉಂಟು. ನಾವಾಗಿ ಮಿತಿ ಹಾಕದಿದ್ದರೆ ಅದು ಅಮಿತವಾಗಿಯೇ ಇರುತ್ತದೆ, ನಾವು ಹಾಕಿರಲಿಲ್ಲ.

ಪರಿಹಾರ ಸುಲಭವಾಗಿತ್ತು. ಅದೇ ಡಿಸ್ಕಿನಲ್ಲಿ ಸಂಗ್ರಹವಾಗಿದ್ದ ವಾರ್ಷಿಕ ಸಮ್ಮೇಳನಗಳ ಚಲಚ್ಚಿತ್ರಗಳನ್ನು ಬೇರೆಡೆಗೆ ಸಾಗಿಸಿ ಸ್ಥಳ ಮಾಡಿದೆವು. ಭಂಡಾರಿ ಎದ್ದು, ಕಿರ್ದಿಯನ್ನೋದಿ, ಸ್ವಲ್ಪ ಹೊತ್ತಿನಲ್ಲಿ ಬಾಗಿಲು ತೆರೆದ. ಬಳಿಕ ಗೈರುಹಾಜರಾಗಿದ್ದ ಶಿಷ್ಯನ ಸ್ಲಾಟನ್ನು ತೆಗೆದುಹಾಕಿದೊಡನೆ ಹಳೆಯ ಕಡತಗಳನ್ನು ಅವನೇ ಕ್ರಮವಾಗಿ ವಿಲೇವಾರಿ ಮಾಡಿದ. ಎರಡನೆಯ ಯಂತ್ರಕ್ಕೆ ಮೂಲದಿಂದ ಹೊಸದಾಗಿ ಪೂರ್ಣ ಪ್ರತಿ ತೆಗೆದೆವು. ಜಮಖಂಡಿಯ ವೃದ್ಧರು ಮಧ್ಯಾಹ್ನದ ಬಸ್ಸಿಗೆ ಪತ್ರದೊಂದಿಗೆ ಹೊರಟರು.

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಅದಕ್ಕೂ ಮುಂಚೆ, ಅದೇ ವರ್ಷದ ಫೆಬ್ರವರಿಯಲ್ಲಿ, ನನ್ನ ಕೈಯಿಂದಲೇ ಘಟಿಸಿದ ಪ್ರಮಾದವನ್ನು ಹೇಳದೆ ವಿಧಿಯಿಲ್ಲ. ರಬಕವಿ-ಬನಹಟ್ಟಿಯು ಪ್ರತ್ಯೇಕ ತಾಲೂಕಾದ ಮೇಲೆ ಹಳೆಯ ವಿದ್ಯಾರ್ಥಿಗಳ ವಿಳಾಸಗಳನ್ನು ತಿದ್ದಬೇಕಿತ್ತು. ಆ ಭಾಗದವರ ವಿಳಾಸವನ್ನಷ್ಟೆ ತಿದ್ದಲು ಹೊರಟವನು ಎರಡು ತಪ್ಪು ಮಾಡಿದೆ. ವಿಳಾಸದ ಅಂಕಣದ ಬದಲು ‘ಹುಟ್ಟಿದ ಊರು’ ಎಂಬ ಅಂಕಣವನ್ನು ಹೆಸರಿಸಿದೆ. ಯಾರ ವಿಷಯದಲ್ಲಿ ತಿದ್ದಬೇಕೆಂಬ ನಿಬಂಧನೆಯ ವಾಕ್ಯವನ್ನು ಬರೆಯುವುದನ್ನೇ ಮರೆತೆ. ಗುಂಡಿ ಒತ್ತಿದ ಕ್ಷಣದಲ್ಲಿ ನಮ್ಮ ಶಾಲೆಯಲ್ಲಿ ಓದಿದ 14 ಸಾವಿರ ಮಂದಿಯೂ ಬನಹಟ್ಟಿಯಲ್ಲಿ ಹುಟ್ಟಿದವರಾಗಿಬಿಟ್ಟರು! ಮುಧೋಳದವರು, ಬೀಳಗಿಯವರು, ಸೊಲ್ಲಾಪುರದಿಂದ ಬಂದು ಅಜ್ಜಿಯ ಮನೆಯಲ್ಲಿ ಓದಿದವರು, ಎಲ್ಲರೂ. ಗ್ರಂಥಸಂಪಾದನೆಯಲ್ಲಿ ಮೂಲಪಾಠವನ್ನು ಮುಟ್ಟಬಾರದೆಂದು ಮೂವತ್ತು ವರ್ಷ ಉಪದೇಶಿಸಿದವನು ಮಾಡಿದ ಕೆಲಸ ಇದು.

ಬೆವರೊರೆಸಿಕೊಂಡು, ‘ಮಠದಲ್ಲಿ ಇನ್ನೊಂದು ಪ್ರತಿಯಿದೆಯಲ್ಲ’ ಎಂದು ಅಲ್ಲಿಗೆ ಓಡಿದೆ. ಅಲ್ಲಿಯೂ ಎಲ್ಲರೂ ಬನಹಟ್ಟಿಯವರೇ ಆಗಿದ್ದರು. ನಾನು ಎರಡು ಕಟ್ಟಡಗಳ ನಡುವಿನ ಅಂಗಳವನ್ನು ದಾಟುವ ಬಹು ಮೊದಲೇ ತಪ್ಪು ದಾಟಿತ್ತು.

ಇಲ್ಲಿ ರನ್ನನನ್ನು ಕರೆಯಬೇಕು. ಅವನು 993ರಲ್ಲಿ ಪೂರೈಸಿದ ಅಜಿತಪುರಾಣಕ್ಕೆ ಆಶ್ರಯವಿತ್ತವಳು ದಾನಚಿಂತಾಮಣಿ ಅತ್ತಿಮಬ್ಬೆ. ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳೆಂಬುದು ಸಾಹಿತ್ಯ ಚರಿತ್ರೆಯನ್ನೋದಿದ ಎಲ್ಲರಿಗೂ ತಿಳಿದಿದೆ. ಆ ಪ್ರತಿಗಳ ಬಲವೆಲ್ಲಿತ್ತು? ಒಮ್ಮೆ ಬರೆದು ಮುಗಿಸಿದ ಓಲೆಯು ಮೂಲದ ಹಂಗಿಗೊಳಗಾಗಿರುವುದಿಲ್ಲ. ಮೂಲವನ್ನು ಗೆದ್ದಲು ತಿಂದರೂ, ಮೂಲದ ಮಾಲೀಕನು ಒಂದು ಪದ್ಯವನ್ನು ಗೀಚಿ ಹಾಕಿದರೂ, ದೂರದ ಊರಿನ ಓಲೆ ತನ್ನ ಪಾಠವನ್ನು ತಾನು ಹಿಡಿದುಕೊಂಡೇ ಇರುತ್ತದೆ. ಲಿಪಿಕಾರನ ಕೈದೋಷಗಳು ಒಂದೊಂದು ಪ್ರತಿಯಲ್ಲಿ ಒಂದೊಂದು ಬಗೆ. ಪ್ರತಿಗಳು ಪರಸ್ಪರ ಭಿನ್ನವಾಗಿರುವುದರಿಂದಲೇ ಸಂಪಾದಕನು ಶುದ್ಧಪಾಠವನ್ನು ಕಂಡುಕೊಳ್ಳಬಲ್ಲ. ರೆಪ್ಲಿಕೇಶನ್ ಎಂಬುದು ಈ ಜಾತಿಯ ಪ್ರತಿಯಲ್ಲ. ಅದು ಗುರು ನುಡಿದುದನ್ನು ನುಡಿದ ಕ್ಷಣದಲ್ಲೇ ತಪ್ಪುಸಹಿತ ಒಪ್ಪಿಸುವ ಶಿಷ್ಯ. ಒಂದು ಯಂತ್ರ ಸುಟ್ಟುಹೋದರೆ ಇನ್ನೊಂದು ತತ್‌ಕ್ಷಣ ಕೆಲಸಕ್ಕೆ ನಿಲ್ಲಲು ಅದು ಅತ್ಯವಶ್ಯ. ನಮ್ಮ ಕೈತಪ್ಪಿನಿಂದ ನಮ್ಮನ್ನು ಕಾಯಲು ಅದಕ್ಕೆ ಶಕ್ತಿಯಿಲ್ಲ. ಅದಕ್ಕೆ ಬೇಕಾದುದು ಅತ್ತಿಮಬ್ಬೆಯ ಓಲೆ, ಎಂದರೆ ಒಂದು ದಿನದ ಸ್ಥಿತಿಯನ್ನು ಬರೆದು, ಮೂಲದ ಸಂಬಂಧ ಕಡಿದು, ಬೇರೊಂದು ಸ್ಥಳದಲ್ಲಿಟ್ಟ ನಕಲು. ‘ಬ್ಯಾಕಪ್’ ಎನ್ನುವುದು ಇದನ್ನು.

ನಮ್ಮಲ್ಲಿ ಅಂಥದೊಂದಿತ್ತು, ನನ್ನ ಕಪಾಟಿನಲ್ಲಿ, ಏಳು ತಿಂಗಳ ಹಿಂದಿನದು. ಆಮೇಲೆ ಸೇರಿಸಿದ್ದನ್ನೆಲ್ಲ ಕಾಗದದ ಪುಸ್ತಕಗಳಿಂದ ಮತ್ತೆ ಏರಿಸಬೇಕಾಯಿತು. ಅಧ್ಯಾಪಕ ಮಿತ್ರರು ಹನ್ನೊಂದು ಸಂಜೆ ಕುಳಿತರು. ಒಬ್ಬರೂ ನನ್ನನ್ನು ಮಾತಿನಿಂದ ನೋಯಿಸಲಿಲ್ಲ, ಚಹ ಮಾತ್ರ ನನ್ನ ಲೆಕ್ಕದಲ್ಲಿ ತರಿಸಿದರು. ಪುಸ್ತಕಗಳ ಪುಟಗಳ ಚಿತ್ರ ತೆಗೆದಿಡಬೇಕೆಂಬ ಬುದ್ಧಿ ಬಂದದ್ದು ಆಗಲೇ. ಆ ಬುದ್ಧಿಯೇ ಜೂನ್ ತಿಂಗಳಲ್ಲಿ ಡಿಸ್ಕನ್ನು ತುಂಬಿಸಿತೆಂಬುದು ಬೇರೆ ಮಾತು.

ನಮ್ಮಂಥ ಹಳ್ಳಿಗಾಡಿನವರಷ್ಟೆ ಹೀಗೆ ಎಡವುತ್ತಾರೆಂದು ತಿಳಿಯಬಾರದು. ಗಿಟ್‌ಲ್ಯಾಬ್ ಎಂಬ ಹೆಸರಾಂತ ಕಂಪನಿಯಲ್ಲಿ 2017ರ ಜನವರಿ 31ರ ರಾತ್ರಿ, ಹಿಂದುಳಿದಿದ್ದ ಎರಡನೆಯ ಯಂತ್ರವನ್ನು ಸರಿಪಡಿಸಲು ಕುಳಿತ ಅಭಿಯಂತರರೊಬ್ಬರು ಅದರ ಕೋಣೆಯೆಂದು ಭಾವಿಸಿ ಮುಖ್ಯ ಯಂತ್ರದ ಕೋಣೆಯನ್ನೇ ಬರಿದು ಮಾಡಿದರು. ಸುಮಾರು 300 ಜಿ.ಬಿ. ಮಾಹಿತಿ ಕ್ಷಣಗಳಲ್ಲಿ ಹೋಯಿತು. ಅವರ ನಿತ್ಯದ ನಕಲುಗಳನ್ನು ತೆರೆದು ನೋಡಿದರೆ ಅಲ್ಲೇನೂ ಇರಲಿಲ್ಲ. ನಕಲು ತೆಗೆಯುವ ಉಪಕರಣದ ಆವೃತ್ತಿ ಹಳೆಯದಾಗಿ, ಅದು ಪ್ರತಿದಿನ ವಿಫಲವಾಗುತ್ತಿತ್ತು. ವೈಫಲ್ಯವನ್ನು ತಿಳಿಸುವ ಪತ್ರಗಳೂ ಯಾರಿಗೂ ಮುಟ್ಟುತ್ತಿರಲಿಲ್ಲ. ಆರು ಗಂಟೆಗಳ ಹಿಂದೆ ಒಬ್ಬರು ಬೇರೆ ಕಾರಣಕ್ಕಾಗಿ ತೆಗೆದಿಟ್ಟಿದ್ದ ಪ್ರತಿಯಿಂದ ಅವರು ಬದುಕಿಕೊಂಡರು. ನಡೆದುದೆಲ್ಲವನ್ನೂ ಮುಚ್ಚಿಡದೆ ಲೋಕದ ಮುಂದೆ ಬರೆದಿಟ್ಟ ಅವರ ಪ್ರಾಮಾಣಿಕತೆಯನ್ನು ನೋಡಿಯೇ ನನಗೆ ಬನಹಟ್ಟಿಯ ಪ್ರಸಂಗವನ್ನು ಇಲ್ಲಿ ಹೇಳುವ ಧೈರ್ಯ ಬಂದದ್ದು.

ಈಗ ಪ್ರತಿ ಶನಿವಾರ ಪೂರ್ಣ ನಕಲು ತೆಗೆದು ಶಾಲೆಯಲ್ಲೊಂದು, ಮಠದಲ್ಲೊಂದು, ಊರ ಹೊರಗಿನ ಒಬ್ಬ ಟ್ರಸ್ಟಿಗಳ ಮನೆಯಲ್ಲೊಂದು ಇರಿಸುತ್ತೇವೆ. ತಿಂಗಳಿಗೊಮ್ಮೆ ಒಂದು ನಕಲನ್ನು ಪ್ರಯೋಗಶಾಲೆಯ ಹಳೆಯ ಯಂತ್ರದಲ್ಲಿ ಬಿಚ್ಚಿ, ಹೆಸರುಗಳ ಸಂಖ್ಯೆ ಮೂಲಕ್ಕೆ ಸರಿಹೊಂದುವುದೇ ಎಂದು ಎಣಿಸುತ್ತೇವೆ. ಬಿಚ್ಚಿ ನೋಡದ ನಕಲು ಇದ್ದೂ ಇಲ್ಲದಂತೆ. ಡಿಸ್ಕು ನೂರಕ್ಕೆ ಎಂಬತ್ತು ಭಾಗ ತುಂಬಿದರೆ ಗುಮಾಸ್ತರ ದೂರವಾಣಿಗೆ ಸಂದೇಶ ಬರುತ್ತದೆ. ಇವೆಲ್ಲಕ್ಕೆ ತಗುಲಿದ ವೆಚ್ಚ ಕಳೆದ ಸಮ್ಮೇಳನದ ಪೆಂಡಾಲಿನ ಬಾಡಿಗೆಗಿಂತ ಕಡಿಮೆಯೆಂದು ದಾನಿಗಳ ಅವಗಾಹನೆಗೆ ತರುತ್ತೇನೆ.

ಒಂದು ಮಾತು ಉಳಿದಿದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಬೀಳಗಿ ತಾಲೂಕಿನ ಎಷ್ಟೋ ಊರುಗಳು ಮುಳುಗಿದವು. ಒಕ್ಕಲುಗಳು ಪುನರ್ವಸತಿ ಕೇಂದ್ರಗಳಿಗೆ ಚದುರಿದವು. ಆ ಊರುಗಳಲ್ಲಿ ತಾವು ಹುಟ್ಟಿದ್ದೆವೆಂಬುದಕ್ಕೆ ಕೆಲವರ ಪಾಲಿಗೆ ನಮ್ಮ ದಾಖಲಾತಿ ಪುಸ್ತಕದ ಒಂದು ಸಾಲೇ ಲಿಖಿತ ಸಾಕ್ಷಿ. 1968ನೆಯ ಸಾಲಿನ ಪುಸ್ತಕದ ಒಂದು ಪುಟದಲ್ಲಿ ಊರಿನ ಅಂಕಣವನ್ನು ಗೆದ್ದಲು ತಿಂದಿದೆ, ಚಿತ್ರದಲ್ಲಿಯೂ ಅಕ್ಷರ ಹತ್ತುವುದಿಲ್ಲ. ಆ ಪುಟವನ್ನು ಒಬ್ಬರು ಅದು ಗಟ್ಟಿಯಿದ್ದಾಗ ಓದಿ ಏರಿಸಿದ್ದರು. ಆ ಓದು ಏಳು ತಿಂಗಳ ಅಂತರದಲ್ಲಿ ಸಿಕ್ಕಿ ನನ್ನ ಪ್ರಮಾದದಿಂದ ಅಳಿದುಹೋಯಿತು. ಅಲ್ಲಿ ಊಹಿಸಿ ಬರೆಯಲು ಮನಸ್ಸೊಪ್ಪದೆ, ಹಸ್ತಪ್ರತಿಗಳಲ್ಲಿ ಮಾಡುವಂತೆ ‘ಅಕ್ಷರ ಲುಪ್ತ’ ಎಂದು ಗುರುತಿಸಿದ್ದೇವೆ. ಅಂಥ ಹೆಸರುಗಳು ಇಪ್ಪತ್ಮೂರು. ಆ ವರ್ಷ ಬೀಳಗಿ ಕಡೆಯಿಂದ ಬಂದು ನಮ್ಮಲ್ಲಿ ಐದನೆಯ ಇಯತ್ತೆಗೆ ಸೇರಿದವರು, ಇಲ್ಲವೆ ಅವರ ಮಕ್ಕಳು, ಈ ಸಂಪುಟವನ್ನು ಓದುತ್ತಿದ್ದರೆ ತಮ್ಮ ಊರಿನ ಹೆಸರನ್ನು ಒಂದು ಕಾಗದದಲ್ಲಿ ಬರೆದು ಶಾಲೆಯ ವಿಳಾಸಕ್ಕೆ ಕಳುಹಿಸಬೇಕೆಂದು ಪ್ರಾರ್ಥನೆ.