ಬತ್ತಿ ಮತ್ತೆ ಚಿಮ್ಮಿದ ಬುಗ್ಗೆ

ಬಚ್ಚಲುಮನೆಯಲ್ಲಿ ನೀರು ಕಾಯಿಸುವ ‘ಗೀಸರ್’ ನಮಗೆಲ್ಲ ಪರಿಚಿತ. ಈ ಹೆಸರು ಬಂದುದು ಐಸ್‌ಲೆಂಡಿನ ಒಂದು ಚಿಮ್ಮುಬುಗ್ಗೆಯಿಂದ. ಬಿಸಿನೀರಿನ ಬುಗ್ಗೆಗಳು ಲೋಕದಲ್ಲಿ ಅನೇಕ. ಆದರೆ ಬಿಟ್ಟುಬಿಟ್ಟು ನೀರನ್ನೂ ಉಗಿಯನ್ನೂ ಮೇಲಕ್ಕೆ ಚಿಮ್ಮುವ ಗೀಸರುಗಳು ವಿರಳ. ಅವಕ್ಕೂ ಹುಟ್ಟು, ಬಾಳು, ಸಾವುಗಳುಂಟು. ನ್ಯೂಜಿಲೆಂಡಿನ ರೋಟೊರುವಾ ಪಟ್ಟಣದ ಅಂಚಿನಲ್ಲಿ, ವಾಕಾರೆವಾರೆವಾ ಎಂಬಲ್ಲಿರುವ ಪಾಪಾಕುರಾ ಎಂಬ ಸಣ್ಣ ಗೀಸರಿನ ಚರಿತ್ರೆಯನ್ನು ನೋಡೋಣ.

ಗೀಸರಿಗೆ ಮೂರು ಅನುಕೂಲಗಳು ಬೇಕು: ಹೇರಳವಾದ ನೀರು, ತಳದಲ್ಲಿ ಕಾದ ಬಂಡೆ, ಮೇಲೆ ಬರಲು ಇಕ್ಕಟ್ಟಾದ ಕೊಳವೆ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವುದೆಂದು ಬಲ್ಲೆವು. ಆದರೆ 10 ಮೀಟರ್ ಆಳದಲ್ಲಿ, ಮೇಲಿನ ನೀರಿನ ಭಾರದಿಂದ ಒತ್ತಡವು ಸುಮಾರು ಇಮ್ಮಡಿಯಾಗುವುದು. ಅಲ್ಲಿ ಕುದಿಯಲು ಸುಮಾರು 120 ಡಿಗ್ರಿ ಬೇಕು. ಬಾವಿ ಅಗಲವಾಗಿದ್ದರೆ ಕಾದ ನೀರು ಮೇಲೇರಿ, ತಣ್ಣೀರು ಕೆಳಗಿಳಿದು, ಶಾಖವು ಹಂಚಿಹೋಗುತ್ತಿತ್ತು. ಇಕ್ಕಟ್ಟಿನ ಕೊಳವೆಯಲ್ಲಿ ಈ ಪರಿಚಲನೆ ಸುಲಭವಲ್ಲ. ಕೊನೆಗೆ ಆಳದ ನೀರು ಕುದಿಯತೊಡಗಿದಾಗ ಉಗಿಯ ಗುಳ್ಳೆಗಳು ಮೇಲಿನ ನೀರನ್ನು ಸ್ವಲ್ಪ ಹೊರಚೆಲ್ಲುತ್ತವೆ. ಭಾರ ತಗ್ಗಿದೊಡನೆ ಒತ್ತಡವೂ, ಅದರೊಡನೆ ಕುದಿಬಿಂದುವೂ ಇಳಿಯುತ್ತವೆ. ಆಗ ಕೆಳಗಿನ ನೀರಿನ ಒಂದು ಭಾಗ ಒಮ್ಮೆಲೇ ಉಗಿಯಾಗಿ, ಉಳಿದುದನ್ನು ಹೊರಕ್ಕೆಸೆಯುತ್ತದೆ. ಕೊಳವೆ ಮತ್ತೆ ತುಂಬಿ, ಕಾದ ಮೇಲೆ ಇದೇ ಕ್ರಮ ಪುನರಾವರ್ತಿಸುತ್ತದೆ.

ನೀರು ಬಂಡೆಯಿಂದ ಕರಗಿಸಿ ತಂದ ಸಿಲಿಕ, ಕೊಳವೆಯ ಗೋಡೆಗೆ ಗಾರೆಯಂತೆ ಅಂಟಿ ಅದನ್ನು ಗಟ್ಟಿಮಾಡುತ್ತದೆ. ಅದೇ ಸಿಲಿಕ ಅತಿಯಾದರೆ ದಾರಿಯನ್ನು ಮುಚ್ಚಲೂಬಹುದು. ಭೂಕಂಪವೂ ದಾರಿಯನ್ನು ಕೆಡಿಸಬಹುದು. ಪಾಪಾಕುರಾಕ್ಕೆ ಬಂದ ಕುತ್ತು ಬೇರೆ. ಮನೆಗಳನ್ನೂ ಹೋಟೆಲುಗಳನ್ನೂ ಬೆಚ್ಚಗಿಡಲು ರೋಟೊರುವಾದಲ್ಲಿ ನೂರಾರು ಕೊಳವೆಬಾವಿಗಳನ್ನು ಕೊರೆದಿದ್ದರು. ಭೂಗರ್ಭದ ಬಿಸಿನೀರಿನ ಒತ್ತಡ ಕುಗ್ಗಿತು. 1979ರಲ್ಲಿ ಪಾಪಾಕುರಾ ನಿಂತುಹೋಯಿತು.

ಇದರ ಅರ್ಥವೇನೆಂಬುದನ್ನು ಆ ದೇಶ ಆಗಲೇ ಕಂಡಿತ್ತು. ದಕ್ಷಿಣದ ವೈರಾಕೆಯಲ್ಲಿ 1958ರಲ್ಲಿ ಭೂಶಾಖದ ವಿದ್ಯುದಾಗಾರ ಆರಂಭವಾದ ಮೇಲೆ ಅಲ್ಲಿನ ಗೀಸರುಗಳು ಒಂದೊಂದಾಗಿ ಅಳಿದುಹೋಗಿದ್ದವು. ವಾಕಾರೆವಾರೆವಾದಲ್ಲಿ 30 ಮೀಟರ್‌ವರೆಗೆ ಚಿಮ್ಮುವ ಪೊಹುಟು ಗೀಸರಿಗೂ ಅದೇ ಗತಿ ಬರುವ ಭಯವಿತ್ತು. ಆದುದರಿಂದ ಸರ್ಕಾರವು 1986–87ರಲ್ಲಿ ಪೊಹುಟುವಿನ ಸುತ್ತ 1.5 ಕಿಲೋಮೀಟರ್ ಒಳಗಿನ ಬಾವಿಗಳನ್ನು ಮುಚ್ಚಿಸಿತು. ಉಚಿತ ಶಾಖವನ್ನು ಕಳೆದುಕೊಂಡ ಪಟ್ಟಣಿಗರಿಗೆ ಇದು ಸುಲಭದ ತ್ಯಾಗವಾಗಿರಲಿಲ್ಲ. ಆದರೆ ನೆಲದೊಳಗಿನ ಒತ್ತಡ ಮತ್ತೆ ಏರತೊಡಗಿತು, ಪೊಹುಟು ಉಳಿಯಿತು.

ಪಾಪಾಕುರಾ ಮಾತ್ರ ಮೌನವಾಗಿಯೇ ಇತ್ತು. 2015ರಲ್ಲಿ, 36 ವರ್ಷಗಳ ತರುವಾಯ, ಅದು ಪುನಃ ಚಿಮ್ಮಿತು! ಶಾಖವೂ ಕೊಳವೆಯೂ ನಾಶವಾಗಿರಲಿಲ್ಲ, ಕೊರತೆಯಾಗಿದ್ದುದು ಒತ್ತಡ. ಬಾವಿಯನ್ನು ಕೊರೆಯಲು ಕೆಲವು ದಿನಗಳು ಸಾಕು; ಅದರಿಂದಾದ ನಷ್ಟವನ್ನು ತುಂಬಿಕೊಳ್ಳಲು ಭೂಮಿಗೆ ದಶಕಗಳು ಬೇಕಾದುವು.