ಹೊಸ ಎಂಜಿನ್ನಿಗೆ ಮೊದಲ ಎಣ್ಣೆ

ಯಂತ್ರಕ್ಕೆ ಎಣ್ಣೆ ಬೇಕೆಂಬುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ದೂರದ ಸಂತೆಗೆ ಹೊರಟ ರೈತನುಂಟೆ? ಆದರೆ ಎಣ್ಣೆಯು ಎಷ್ಟು ಜಾರಿದರೆ ಅಷ್ಟು ಒಳ್ಳೆಯದು, ಬೆಲೆ ಎಷ್ಟು ಏರಿದರೆ ಅಷ್ಟು ಶ್ರೇಷ್ಠ ಎಂಬ ನಂಬಿಕೆಯು ಎಲ್ಲ ಸಂದರ್ಭಗಳಿಗೂ ಒಪ್ಪತಕ್ಕದ್ದಲ್ಲ. ಬಿಚ್ಚಿ, ತೊಳೆದು, ಹೊಸ ಭಾಗಗಳನ್ನಿಟ್ಟು ಮರಳಿ ಕಟ್ಟಿದ ಎಂಜಿನ್ನಿನ ಮೊದಲ ಓಟವು ಅಂತಹ ಒಂದು ಸಂದರ್ಭ. ಆಗ ಎಣ್ಣೆಯ ಆಯ್ಕೆ ತಪ್ಪಿದರೆ ಬಹು ಹಣದ ಕೆಲಸವು ಅರ್ಧ ಗಂಟೆಯಲ್ಲಿ ಕೆಡಬಹುದು. ಇದನ್ನು ಅರಿಯಲು ಜರ್ಮನಿಯ ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನು ಒಳ್ಳೆಯ ಉದಾಹರಣೆ.

ಸಂಚರಿಸುವ ಮನೆ

1947ರಲ್ಲಿ ಹಾಲೆಂಡಿನ ಬೆನ್ ಪಾನ್ ಎಂಬ ವಾಹನ ವರ್ತಕನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಪೆಟ್ಟಿಗೆಯಾಕಾರದ ಬಂಡಿಯೊಂದರ ಗೆರೆಚಿತ್ರವನ್ನು ಬರೆದನು. 1950ರಲ್ಲಿ ಆ ವ್ಯಾನಿನ ತಯಾರಿಕೆ ಮೊದಲಾಯಿತು. ಮರುವರ್ಷದಿಂದ ವೆಸ್ಟ್‌ಫಾಲಿಯಾ ಸಂಸ್ಥೆಯವರು ಅದರೊಳಗೆ ಕಪಾಟನ್ನೂ ಮಲಗುವ ಅನುಕೂಲವನ್ನೂ ಜೋಡಿಸಿ ಅದನ್ನು ಸಂಚರಿಸುವ ಮನೆಯಾಗಿ ಮಾಡಿದರು. 1960 ಮತ್ತು 70ರ ದಶಕಗಳಲ್ಲಿ ಯುರೋಪಿನ ತರುಣರು ತುರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಗೋವೆಯ ಕಡಲತೀರಕ್ಕೆ ಬಂದಾಗ ಅವರ ವಾಹನಗಳಲ್ಲಿ ಈ ವ್ಯಾನುಗಳೂ ಇದ್ದವು. ಇಂದು ಉಳಿದಿರುವ ಹಳೆಯ ವ್ಯಾನುಗಳ ಎಂಜಿನ್ನುಗಳನ್ನು ಅವುಗಳ ಒಡೆಯರು ಅಕ್ಕರೆಯಿಂದ ಮತ್ತೆ ಕಟ್ಟಿಸುತ್ತಾರೆ.

ಆ ಹಳೆಯ ನಮೂನೆಯ ಎಂಜಿನ್ನಿಗೆ ನೀರಿನ ರೇಡಿಯೇಟರು ಇಲ್ಲ. ಅದನ್ನು ತಂಪಾಗಿಡುವುದು ಗಾಳಿ ಮತ್ತು ಎಣ್ಣೆ. ಅದರಲ್ಲಿ ಹಿಡಿಯುವ ಎಣ್ಣೆಯಾದರೋ ಎರಡೂವರೆ ಲೀಟರು ಮಾತ್ರ. 1600 ಸಿ.ಸಿ.ಯ ಪರಿಚಿತ ಎಂಜಿನ್ನಿನಲ್ಲಿ ಕಾಗದದ ಫಿಲ್ಟರು ಸಹ ಇಲ್ಲ. ಕಸವನ್ನು ತಡೆಯಲು ತಂತಿಯ ಜಾಲರಿಯೊಂದೇ ಗತಿ. ಸೂಕ್ಷ್ಮವಾದ ಲೋಹದ ಹುಡಿಯು ಜಾಲರಿಯಿಂದ ನುಸುಳಿ ಎಣ್ಣೆಯೊಡನೆ ಸುತ್ತುತ್ತಲೇ ಇರುತ್ತದೆ.

ಒಂದೇ ಎಂಜಿನ್ನು, ಎರಡು ಬೇಡಿಕೆ

ಹೊಸ ಸಿಲಿಂಡರಿನ ಒಳಗೋಡೆಯು ಕನ್ನಡಿಯಂತೆ ನಯವಾಗಿರುವುದಿಲ್ಲ. ಅದರ ಮೇಲೆ ಒಂದನ್ನೊಂದು ಕತ್ತರಿಸುವ ಸೂಕ್ಷ್ಮ ಗೀರುಗಳನ್ನು ಬೇಕೆಂದೇ ಎಳೆದಿರುತ್ತಾರೆ. ಪಿಸ್ಟನ್ನಿನ ರಿಂಗುಗಳು ಈ ಗೀರುಗಳ ಏಣುಗಳನ್ನು ಉಜ್ಜಿ ಸಮಮಾಡಿ ಗೋಡೆಗೆ ಹೊಂದಿಕೊಳ್ಳಬೇಕು; ಏಣುಗಳ ನಡುವಣ ತಗ್ಗುಗಳಲ್ಲಿ ಎಣ್ಣೆ ನಿಲ್ಲಬೇಕು. ಇಲ್ಲಿ ಅಳತೆಯರಿತ ಸವೆತವು ಅವಶ್ಯಕ. ಆದಕಾರಣ ಇಂತಹ ಎಂಜಿನ್ನುಗಳಿಗೆ ಬೆಲೆಬಾಳುವ ಸಿಂಥೆಟಿಕ್ ಎಣ್ಣೆಗಿಂತ ಸಾಧಾರಣ ಖನಿಜ ಎಣ್ಣೆಯನ್ನೇ ಅನುಭವಸ್ಥ ಮೆಕ್ಯಾನಿಕ್ಕರು ಮೊದಲು ಹೊಯ್ಯುತ್ತಾರೆ. ಇಂದಿನ ಅನೇಕ ಹೊಸ ಕಾರುಗಳು ಕಾರ್ಖಾನೆಯಿಂದಲೇ ಸಿಂಥೆಟಿಕ್ ಎಣ್ಣೆಯೊಡನೆ ಬರುವುದು ನಿಜ. ಆದರೆ ಅವುಗಳ ಗೋಡೆಯ ಏಣುಗಳನ್ನು ಮೊದಲೇ ನುಣ್ಣಗೆ ಮಾಡಿರುತ್ತಾರೆ.

ಅದೇ ಎಂಜಿನ್ನಿನ ಕ್ಯಾಮ್ ದಂಡದ ಬೇಡಿಕೆ ಇದಕ್ಕೆ ತೀರ ವಿರುದ್ಧ. ಇದರಲ್ಲಿ ಎಂಟು ಕವಾಟಗಳನ್ನು ತೆರೆಯಲು ನಾಲ್ಕೇ ಉಬ್ಬುಗಳಿವೆ. ಒಂದೊಂದು ಉಬ್ಬೂ ಎರಡು ಕಡೆಯ ಟ್ಯಾಪೆಟ್ಟುಗಳನ್ನು ದೂಡಬೇಕು. ಚಪ್ಪಟೆ ಟ್ಯಾಪೆಟ್ಟಿನ ಮೇಲೆ ಉಬ್ಬು ಉಜ್ಜುವ ಜಾಗ ಬಹು ಕಿರಿದು, ಒತ್ತಡ ಬಹಳ. ಅಲ್ಲಿ ರಕ್ಷಣೆ ನೀಡುವುದು ಸತು, ರಂಜಕ, ಗಂಧಕಗಳನ್ನೊಳಗೊಂಡ, ಜೆಡ್‌ಡಿಡಿಪಿ ಎಂಬ ಸಂಕ್ಷಿಪ್ತ ಹೆಸರಿನ ರಾಸಾಯನಿಕ. ಕಾವು ಮತ್ತು ಒತ್ತಡಗಳಿಗೆ ಸಿಕ್ಕಿದಾಗ ಅದು ಲೋಹದ ಮೇಲೆ ಗಾಜಿನಂತಹ ತೆಳುಪದರವನ್ನು ಕಟ್ಟುತ್ತದೆ. ಲೋಹದ ಬದಲು ಆ ಪದರವೇ ಸವೆಯುತ್ತದೆ.

ಈ ರಂಜಕವು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಆದ್ದರಿಂದ 2004ರಲ್ಲಿ ಬಂದ ಎ.ಪಿ.ಐ. ಎಸ್‌ಎಮ್ ದರ್ಜೆಯಲ್ಲಿ 5ಡಬ್ಲ್ಯು-30, 10ಡಬ್ಲ್ಯು-30 ಮುಂತಾದ ತೆಳು ಎಣ್ಣೆಗಳ ರಂಜಕವನ್ನು ಶೇಕಡಾ 0.08ಕ್ಕೆ ಮಿತಿಗೊಳಿಸಿದರು. ಹೊಸ ಕಾರಿಗೆ ಹಿತವಾದ ಎಣ್ಣೆಯು ಹಳೆಯ ವ್ಯಾನಿನ ಹೊಸ ಕ್ಯಾಮ್ ದಂಡಕ್ಕೆ ಸಾಲದೆ ಹೋಗಬಹುದಾದುದು ಹೀಗೆ. ಇಂತಹ ಎಂಜಿನ್ನಿಗೆ ಪಳಗಿಸುವ ಸಲುವಾಗಿಯೇ ತಯಾರಿಸಿದ ಎಸ್‌ಎಇ 30ರ ಖನಿಜ ಎಣ್ಣೆ ಉತ್ತಮ. ಅದು ದೊರೆಯದಲ್ಲಿ ಸತು ಸಾಕಷ್ಟಿರುವ 20ಡಬ್ಲ್ಯು-50 ಖನಿಜ ಎಣ್ಣೆಯಾದೀತು. ಡಬ್ಬಿಯ ಮೇಲಿನ ಬರಹವನ್ನು ಓದಿಯೇ ಕೊಳ್ಳಬೇಕು. ಸತು ಒಳ್ಳೆಯದೆಂದು ಬೇರೆ ಬಾಟಲಿಯಿಂದ ಮನಸ್ಸಿಗೆ ಬಂದಷ್ಟು ಸುರಿಯುವುದೂ ತರವಲ್ಲ.

ಮೊದಲ ಇಪ್ಪತ್ತು ನಿಮಿಷ

ಎಣ್ಣೆಯ ಆಯ್ಕೆ ಸರಿಯಾದರೂ ಓಡಿಸುವ ಕ್ರಮ ತಪ್ಪಬಾರದು. ಕಟ್ಟುವಾಗಲೇ ಕ್ಯಾಮಿನ ಉಬ್ಬುಗಳಿಗೆ ಅದಕ್ಕೆಂದೇ ಇರುವ ಲೇಪವನ್ನು ಹಚ್ಚಿರಬೇಕು. ಬಳಿಕ ಪ್ಲಗ್ಗುಗಳನ್ನು ಬಿಚ್ಚಿ, ಎಣ್ಣೆಯೊತ್ತಡದ ದೀಪ ಆರುವವರೆಗೆ ಸ್ಟಾರ್ಟರಿನಿಂದ ಎಂಜಿನ್ನನ್ನು ತಿರುಗಿಸುತ್ತಾರೆ. ಪ್ಲಗ್ಗುಗಳನ್ನು ಮತ್ತೆ ಕೂರಿಸಿ ಚಾಲೂ ಮಾಡಿದೊಡನೆ ನಿಮಿಷಕ್ಕೆ ಸುಮಾರು 2000 ಸುತ್ತಿನಂತೆ ಇಪ್ಪತ್ತು ನಿಮಿಷ ಓಡಿಸುತ್ತಾರೆ. ನಿಧಾನಗತಿಯಲ್ಲಿ ಬಿಟ್ಟರೆ ಉಬ್ಬುಗಳಿಗೆ ಸಿಡಿಯುವ ಎಣ್ಣೆ ಸಾಲದು.

ಆ ಎಣ್ಣೆಯನ್ನು ಬಿಸಿಯಿರುವಾಗಲೇ ಇಳಿಸಿಬಿಡಬೇಕು. ಹೊಸದೆಂದು ಮರುಗುವುದು ಸಲ್ಲದು. ಲೋಹದ ಹುಡಿಯನ್ನು ಹೊರಗೆ ಒಯ್ಯುವುದೂ ಅದರ ಕೆಲಸವೇ. ಬೂದುಬಣ್ಣದ ನುಣ್ಣನೆಯ ಹುಡಿ ಕಂಡರೆ ಸಹಜ. ಹೊಳೆಯುವ ಚೂರುಗಳು ಕಂಡರೆ ಮುಂದೆ ಓಡಿಸದೆ ಪರೀಕ್ಷಿಸಬೇಕು. ಜಾಲರಿಯನ್ನು ತೊಳೆದು ಪುನಃ ಖನಿಜ ಎಣ್ಣೆಯನ್ನೇ ತುಂಬಿ, ಸುಮಾರು 500 ಕಿಲೋಮೀಟರು ಓಡಿದ ಮೇಲೆ ಅದನ್ನೂ ಬದಲಿಸುವುದು ವಾಡಿಕೆ. ಈ ಅವಧಿಯಲ್ಲಿ ವೇಗವನ್ನು ಏರಿಸುತ್ತ ಇಳಿಸುತ್ತ, ಹದವಾದ ಭಾರದಲ್ಲಿ ಓಡಿಸಬೇಕು. ಭಾರವಿದ್ದಾಗ ಅನಿಲದ ಒತ್ತಡವು ರಿಂಗನ್ನು ಗೋಡೆಗೆ ಒತ್ತುತ್ತದೆ. ಭಾರವಿಲ್ಲದೆ ಓಡಿದರೆ ಎಣ್ಣೆಯು ಗೋಡೆಯ ಮೇಲೆ ಸುಟ್ಟು ಮೆರುಗಾಗಿ ಅಂಟಿಕೊಳ್ಳುತ್ತದೆ. ಮುಂದೆ ರಿಂಗುಗಳು ಕೂರುವುದಿಲ್ಲ, ನೀಲಿ ಹೊಗೆ ನಿಲ್ಲುವುದಿಲ್ಲ. ಎಂಜಿನ್ನನ್ನು ಮರಳಿ ಬಿಚ್ಚದೆ ಬೇರೆ ಉಪಾಯವಿಲ್ಲ.

ಈ ಮಾತು ಪರದೇಶದ ವ್ಯಾನಿಗೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ಗಡಿನಾಡಿನ ಹಳ್ಳಿಗಳಲ್ಲಿ ಸಾಲ ಮಾಡಿ ಟ್ರ್ಯಾಕ್ಟರನ್ನೋ ನೀರೆತ್ತುವ ಡೀಸೆಲ್ ಎಂಜಿನ್ನನ್ನೋ ರೀಬೋರ್ ಮಾಡಿಸುವವರು ಹಲವರು. ಹೊಸ ಕೆಲಸಕ್ಕೆ ಶ್ರಮ ಕೊಡಬಾರದೆಂಬ ಕರುಣೆಯಿಂದ ಅದನ್ನು ನೆರಳಿನಲ್ಲಿ ನಿಲ್ಲಿಸಿ ಗಂಟೆಗಟ್ಟಲೆ ಸುಮ್ಮನೆ ಓಡಿಸಿದರೆ ಕೆಡುಕೇ ಹೆಚ್ಚು. ತಯಾರಕರ ಪುಸ್ತಕದಲ್ಲಿ ಹೇಳಿದ ದರ್ಜೆಯ ಎಣ್ಣೆ, ಹದವಾದ ಕೆಲಸ, ಸಕಾಲದಲ್ಲಿ ಮೊದಲ ಎಣ್ಣೆಯ ಬದಲಾವಣೆ, ಈ ಮೂರನ್ನು ಪಾಲಿಸಬೇಕು. ಹೊಸ ಹೋರಿಯನ್ನು ಕೊಟ್ಟಿಗೆಯಲ್ಲೇ ಕಟ್ಟಿ ಸಾಕಿದರೆ ಅದು ನೊಗಕ್ಕೆ ಒಗ್ಗುವುದಿಲ್ಲ; ಮೊದಲ ದಿನವೇ ಹೇರು ಹೊರಿಸಿದರೆ ಉಳಿಯುವುದಿಲ್ಲ. ರೈತನಿಗೆ ತಿಳಿದ ಆ ಹದವೇ ಎಂಜಿನ್ನಿಗೂ ಸಾಕು.